ಹಕ್ಕಿ ಮುಚ್ಚಿಡುವ ಕಾಯಿಲೆ

“ನಿನ್ನೆ ಸಂಜೆ ಚೆನ್ನಾಗಿಯೇ ಇತ್ತು ಸಾರ್, ಬೆಳಿಗ್ಗೆ ನೋಡಿದರೆ ಪಂಜರದ ತಳದಲ್ಲಿ ಸತ್ತು ಬಿದ್ದಿತ್ತು.”

ಮನೆಯಲ್ಲಿ ಹಕ್ಕಿ ಸಾಕಿರುವ ಮಕ್ಕಳಿಂದ ಈ ಮಾತನ್ನು ವರ್ಷಕ್ಕೆ ನಾಲ್ಕಾರು ಸಲವಾದರೂ ಕೇಳುತ್ತೇನೆ. ಇದರಲ್ಲಿ ಎರಡನೆಯ ಅರ್ಧ ನಿಜ. ಮೊದಲನೆಯ ಅರ್ಧ ಬಹುಮಟ್ಟಿಗೆ ನಿಜವಲ್ಲ. ನಿನ್ನೆ ಸಂಜೆ ಹಕ್ಕಿ ಚೆನ್ನಾಗಿರಲಿಲ್ಲ. ಚೆನ್ನಾಗಿರುವಂತೆ ಕಾಣುತ್ತಿತ್ತು, ಅಷ್ಟೆ. ಈ ಎರಡರ ನಡುವೆ ಇರುವ ವ್ಯತ್ಯಾಸವನ್ನು ಕಂಡುಹಿಡಿಯುವುದು ಹೇಗೆ ಎಂಬುದೇ ಈ ವಾರದ ವಿಷಯ.

ಮೊದಲು ಹಕ್ಕಿಯ ಪರಿಚಯ ಮಾಡಿಕೊಳ್ಳೋಣ. ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಹಸಿರು, ಹಳದಿ, ನೀಲಿ, ಬಿಳಿ ಬಣ್ಣದ ಪುಟ್ಟ ಹಕ್ಕಿಗಳಲ್ಲಿ ಹೆಚ್ಚಿನವು ಲವ್ ಬರ್ಡ್‌ಗಳೇ ಅಲ್ಲ. ನಿಜವಾದ ಲವ್ ಬರ್ಡ್ ಆಫ್ರಿಕದ ಕಡೆಯದು. ನಮ್ಮ ಮನೆಗಳಲ್ಲಿರುವುದು ಆಸ್ಟ್ರೇಲಿಯದ ಒಣ ಹುಲ್ಲುಗಾವಲಿನ ಗಿಳಿ ಜಾತಿಯ ಹಕ್ಕಿ. ಇದರ ಹೆಸರು ಬಡ್ಜರಿಗಾರ್, ಚುಟುಕಾಗಿ ಬಡ್ಜಿ. (ಸಂಜೆ ಕಾಫಿಯ ಜೊತೆ ತಿನ್ನುವ ಬಜ್ಜಿಗೂ ಇದಕ್ಕೂ ಏನೂ ಸಂಬಂಧವಿಲ್ಲ!) 1840ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿತಜ್ಞ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ಕೊಂಡೊಯ್ದ. ಅಲ್ಲಿಂದ ಮುಂದೆ ಅದು ಜಗತ್ತಿನ ಮನೆಮನೆಯ ಹಕ್ಕಿಯಾಯಿತು. ಕಾಡಿನ ಬಡ್ಜಿಯ ಬಣ್ಣ ಹಸಿರು, ಹಳದಿ. ಉಳಿದ ಬಣ್ಣಗಳೆಲ್ಲ ಸಾಕಣೆಯಲ್ಲಿ ಮನುಷ್ಯ ಆಯ್ದು ಬೆಳೆಸಿದವು. ಇನ್ನೊಂದು ಮಾತು: ನಮ್ಮ ಕಾಡಿನ, ತೋಟದ ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಈ ಲೇಖನ ಪಂಜರದಲ್ಲೇ ಹುಟ್ಟಿ ಬೆಳೆದ ಬಡ್ಜಿಗೆ ಮಾತ್ರ ಸಂಬಂಧಿಸಿದ್ದು.

ಏಕೆ ಮುಚ್ಚಿಡುತ್ತದೆ?

ಕಾಡಿನ ಬಡ್ಜಿಗಳು ನೂರಾರು, ಕೆಲವೊಮ್ಮೆ ಸಾವಿರಾರು ಒಟ್ಟಿಗೆ ಸೇರಿ ಹಾರುತ್ತವೆ, ಒಟ್ಟಿಗೆ ನೀರಿಗೆ ಇಳಿಯುತ್ತವೆ. ಮೇಲೆ ಗಿಡುಗ ಕಾಯುತ್ತಿರುತ್ತದೆ. ಇಡೀ ಗುಂಪಿನಲ್ಲಿ ಯಾವುದು ಸೊರಗಿದೆ, ಯಾವುದು ಹಿಂದೆ ಬೀಳುತ್ತಿದೆ ಎಂದು ನೋಡಿ ಅದರ ಮೇಲೆಯೇ ಎರಗುತ್ತದೆ. ಹೀಗಾಗಿ ಮೈಯಲ್ಲಿ ಶಕ್ತಿ ಇರುವಷ್ಟು ಹೊತ್ತೂ ಗಟ್ಟಿಮುಟ್ಟಾಗಿರುವಂತೆ ತೋರಿಸಿಕೊಳ್ಳುವ ಹಕ್ಕಿಯೇ ಉಳಿಯುತ್ತದೆ. ಲಕ್ಷಾಂತರ ವರ್ಷಗಳಲ್ಲಿ ಬೇರೂರಿದ ಈ ಸ್ವಭಾವ ಪಂಜರದಲ್ಲಿ ಹುಟ್ಟಿದ ಮಾತ್ರಕ್ಕೆ ಹೋಗುವುದಿಲ್ಲ. ನೀವು ಹತ್ತಿರ ಹೋದ ಕೂಡಲೇ ಕಾಯಿಲೆಯ ಹಕ್ಕಿಯೂ ಗರಿ ಒತ್ತಿಕೊಂಡು, ಕತ್ತು ನೀಳ ಮಾಡಿ, ಕಾಳಿನ ಬಟ್ಟಲಿಗೆ ಇಳಿದು ತಿನ್ನುವಂತೆ ನಟಿಸುತ್ತದೆ. ಸಿಪ್ಪೆ ಸುಲಿಯುತ್ತದೆ, ಒಳಗಿನ ಕಾಳನ್ನು ನುಂಗುವುದಿಲ್ಲ!

ಎರಡನೆಯ ಕಾರಣ ಗಣಿತದ್ದು. ಸಾಮಾನ್ಯ ಬಡ್ಜಿಯ ತೂಕ 30ರಿಂದ 40 ಗ್ರಾಂ. ಲೆಕ್ಕಕ್ಕೆ 35 ಗ್ರಾಂ ಎಂದಿಟ್ಟುಕೊಳ್ಳಿ. ಇದನ್ನು ಓದುತ್ತಿರುವ ವಿದ್ಯಾರ್ಥಿಯ ತೂಕ 35 ಕಿಲೋ ಎಂದುಕೊಳ್ಳೋಣ. ಆಗ ಹಕ್ಕಿಯ ಒಂದೊಂದು ಗ್ರಾಮೂ ನಿಮ್ಮ ಒಂದೊಂದು ಕಿಲೋಗೆ ಸಮ. ನೀವು ಒಂದು ವಾರದಲ್ಲಿ ನಾಲ್ಕು ಕಿಲೋ ಇಳಿದರೆ ಮನೆಯವರು ಗಾಬರಿಯಿಂದ ಆಸ್ಪತ್ರೆಗೆ ಓಡುತ್ತಾರೆ. ಹಕ್ಕಿ ನಾಲ್ಕು ಗ್ರಾಂ ಇಳಿದರೆ ಯಾರಿಗೂ ತಿಳಿಯುವುದೇ ಇಲ್ಲ, ಏಕೆಂದರೆ ಗರಿಗಳು ಅದನ್ನು ಮುಚ್ಚುತ್ತವೆ. ಸಾಲದ್ದಕ್ಕೆ, ಇಷ್ಟು ಪುಟ್ಟ ದೇಹ ಸುಮಾರು 41 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಸದಾ ಕಾಯ್ದುಕೊಳ್ಳಬೇಕು. ಅದಕ್ಕೆ ಉರುವಲು ಕಾಳು. ಒಂದು ದಿನ ಸರಿಯಾಗಿ ತಿನ್ನದಿದ್ದರೆ ಉಳಿತಾಯದ ಗಂಟು ಕರಗುತ್ತದೆ. ನಾವು ‘ಇದ್ದಕ್ಕಿದ್ದಂತೆ ಸತ್ತಿತು’ ಎನ್ನುವುದು ಹಲವು ದಿನಗಳ ಕಾಯಿಲೆಯ ಕೊನೆಯ ಗಂಟೆಯನ್ನು ಮಾತ್ರ ನೋಡಿ.

ನೋಡಬೇಕಾದ ಕುರುಹುಗಳು

ಹಕ್ಕಿಯನ್ನು ದೂರದಿಂದ ನೋಡಬೇಕು. ದಿನಕ್ಕೆ ಐದು ನಿಮಿಷ, ಬಾಗಿಲ ಮರೆಯಲ್ಲೋ ಪರದೆಯ ಹಿಂದೆಯೋ ನಿಂತು, ಅದಕ್ಕೆ ನಿಮ್ಮ ಸುಳಿವು ಸಿಗದಂತೆ ನೋಡಿ. ಹಗಲು ಹೊತ್ತಿನಲ್ಲಿ ಗರಿ ಉಬ್ಬಿಸಿಕೊಂಡು ಚೆಂಡಿನಂತೆ ಕುಳಿತಿದೆಯೆ? ಆರೋಗ್ಯದ ಹಕ್ಕಿ ಸಾಮಾನ್ಯವಾಗಿ ಒಂದು ಕಾಲನ್ನು ಮಡಚಿ ತೂಕಡಿಸುತ್ತದೆ. ಇದು ಎರಡೂ ಕಾಲೂರಿ ಕಣ್ಣು ಮುಚ್ಚಿದೆಯೆ? ಉಸಿರಾಡುವಾಗ ಬಾಲ ಮೇಲೆ ಕೆಳಗೆ ಕುಣಿಯುತ್ತಿದೆಯೆ? ಎಲ್ಲ ಹಕ್ಕಿಗಳೂ ಕಿಚಿಪಿಚಿ ಎನ್ನುವಾಗ ಒಂದು ಮಾತ್ರ ಸುಮ್ಮನಿದೆಯೆ? ಮೇಲಿನ ಕೋಲು ಬಿಟ್ಟು ತಳದಲ್ಲಿ ಕೂರತೊಡಗಿದೆಯೆ? ಇವುಗಳಲ್ಲಿ ಯಾವುದೊಂದು ಕಂಡರೂ ಆ ಹಕ್ಕಿಯ ಮೇಲೆ ಕಣ್ಣಿಡಬೇಕು. ತಳದಲ್ಲಿ ಕುಳಿತ ಹಕ್ಕಿಯಂತೂ ನಾಳೆಯವರೆಗೆ ಕಾಯುವ ಸ್ಥಿತಿಯಲ್ಲಿರುವುದಿಲ್ಲ.

ಮುಂದಿನ ಕುರುಹು ಹಿಕ್ಕೆ. ಮೂಗು ಮುಚ್ಚಿಕೊಳ್ಳಬೇಡಿ, ಪಶುವೈದ್ಯರು ಮೊದಲು ಕೇಳುವುದೇ ಇದನ್ನು. ಹಕ್ಕಿಗೆ ಮಲ, ಮೂತ್ರಗಳಿಗೆ ಬೇರೆ ಬೇರೆ ದಾರಿಗಳಿಲ್ಲ. ಒಂದು ಹಿಕ್ಕೆಯಲ್ಲಿ ಮೂರು ಭಾಗಗಳಿರುತ್ತವೆ: ಹಸಿರು ಇಲ್ಲವೆ ಕಂದು ಬಣ್ಣದ ಗಟ್ಟಿ ಮಲ, ಯೂರಿಕ್ ಆಮ್ಲದ ಬಿಳಿ ಭಾಗ, ಸುತ್ತ ಸ್ವಲ್ಪ ತಿಳಿನೀರು. ಸೌತೆಕಾಯಿ ತಿಂದ ದಿನ ನೀರಿನ ಭಾಗ ಹೆಚ್ಚುವುದು ಸಹಜ. ಆದರೆ ಕಾರಣವಿಲ್ಲದೆ ದಿನಗಟ್ಟಲೆ ನೀರಾಗಿದ್ದರೆ, ಟಾರಿನಂತೆ ಕಪ್ಪಾಗಿದ್ದರೆ, ಜೀರ್ಣವಾಗದ ಇಡೀ ಕಾಳುಗಳು ಕಂಡರೆ, ಬಿಳಿಯ ಭಾಗ ಹಳದಿ ಅಥವಾ ಹಸಿರಿಗೆ ತಿರುಗಿದ್ದರೆ ಒಳಗೆ ಏನೋ ಕೆಟ್ಟಿದೆ ಎಂದರ್ಥ. ಪಂಜರದ ತಳಕ್ಕೆ ದಿನವೂ ಹೊಸ ಕಾಗದ ಹಾಸಿ. ದಿನದ ಲೆಕ್ಕ ದಿನಕ್ಕೇ ಸಿಗುತ್ತದೆ.

ಕಾಳಿನ ಬಟ್ಟಲೂ ಮೋಸ ಮಾಡುತ್ತದೆ. ಬಡ್ಜಿ ನವಣೆಯ ಸಿಪ್ಪೆಯನ್ನು ಬಟ್ಟಲಿಗೇ ಉದುರಿಸುತ್ತದೆ. ಮೇಲಿನಿಂದ ನೋಡಿದವರಿಗೆ ಬಟ್ಟಲು ತುಂಬಿದಂತೆ ಕಾಣುತ್ತದೆ, ಕೆಳಗೆ ಒಂದು ಕಾಳೂ ಇರುವುದಿಲ್ಲ. ತುಂಬಿದ ಬಟ್ಟಲಿನ ಮುಂದೆಯೇ ಹಸಿದು ಸತ್ತ ಹಕ್ಕಿಗಳುಂಟು. ದಿನವೂ ಬಟ್ಟಲನ್ನು ಹೊರಗೆ ತಂದು ಉಫ್ ಎಂದು ಊದಿ, ಉಳಿದದ್ದನ್ನು ನೋಡಿ.

ಕೊನೆಯದು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು ಗ್ರಾಂವರೆಗೆ ತೋರಿಸಿದರೆ ಸಾಕು. ಒಂದು ಪುಟ್ಟ ಡಬ್ಬಿ ಇಟ್ಟು ಸೊನ್ನೆ ಮಾಡಿ, ಹಕ್ಕಿಯನ್ನು ಅದರೊಳಗೆ ಬಿಟ್ಟು, ವಾರಕ್ಕೊಮ್ಮೆ, ಬೆಳಿಗ್ಗೆ ಕಾಳು ಹಾಕುವ ಮುನ್ನ ತೂಗಿ ಬರೆದಿಡಿ. ಹತ್ತರಲ್ಲೊಂದು ಪಾಲು ತೂಕ ಇಳಿದರೆ ವೈದ್ಯರಲ್ಲಿಗೆ ಹೋಗುವ ಹೊತ್ತು ಬಂದಿದೆ ಎಂದು ತಿಳಿಯಿರಿ. ತಕ್ಕಡಿ ಇಲ್ಲದಿದ್ದರೆ ಬೆರಳಿನಿಂದ ಎದೆಯನ್ನು ಮೆಲ್ಲಗೆ ಸವರಿ. ನಡುವಿನ ಎದೆಮೂಳೆ ಚಾಕುವಿನ ಅಂಚಿನಂತೆ ಎದ್ದು ನಿಂತಿದ್ದರೆ ಹಕ್ಕಿ ಸೊರಗಿದೆ.

ನಾಲ್ಕು ಮಾದರಿಗಳು

ಕಾಯಿಲೆ ಇದೆ ಎಂದು ತಿಳಿಯಿತು. ಕಾರಣ? ಇಲ್ಲಿಂದ ಮುಂದೆ ನಾವು ಪತ್ತೇದಾರರಾಗಬೇಕು. ಹಲವು ಹಕ್ಕಿಗಳಿರುವ ಗೂಡಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಕಾಯಿಲೆ?’ ಎಂಬುದಲ್ಲ. ‘ಎಷ್ಟು ಹಕ್ಕಿಗಳಿಗೆ, ಎಷ್ಟು ಸಮಯದಲ್ಲಿ?’ ಎಂದು ಕೇಳಬೇಕು. ಉತ್ತರ ಸಾಮಾನ್ಯವಾಗಿ ನಾಲ್ಕು ಮಾದರಿಗಳಲ್ಲಿ ಒಂದಾಗಿರುತ್ತದೆ.

ಒಂದನೆಯದು, ಒಂದೇ ಹಕ್ಕಿಗೆ ತೊಂದರೆ, ಉಳಿದವು ಆರಾಮ. ಆಗ ಕಾರಣ ಬಹುಶಃ ಆ ಹಕ್ಕಿಯ ಒಳಗೇ ಇದೆ. ಹೆಣ್ಣು ಹಕ್ಕಿ ತಳದಲ್ಲಿ ಕುಳಿತು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಇದು ಗಂಟೆಗಳ ಲೆಕ್ಕದ ತುರ್ತು. ಪೆಟ್ಟಾಗದೆ ಒಂದು ಕಾಲು ಮಾತ್ರ ಸೋತಿದ್ದರೆ ಹೊಟ್ಟೆಯೊಳಗೆ ಮೂತ್ರಪಿಂಡದ ಬಳಿ ಬೆಳೆದ ಗಡ್ಡೆ ಕಾಲಿನ ನರವನ್ನು ಒತ್ತುತ್ತಿರಬಹುದು. ಬಡ್ಜಿಗಳಲ್ಲಿ ಇದು ಅಪರೂಪವೇನಲ್ಲ. ಕೊಕ್ಕಿನ ಮೇಲೆ, ಮೂಗಿನ ಹೊಳ್ಳೆಗಳ ಸುತ್ತ ಇರುವ ಮೆತ್ತನೆಯ ಭಾಗ ಬಲಿತ ಗಂಡಿನಲ್ಲಿ ಸಾಮಾನ್ಯವಾಗಿ ನೀಲಿ, ಹೆಣ್ಣಿನಲ್ಲಿ ಕಂದು. ವರ್ಷಗಟ್ಟಲೆ ನೀಲಿಯಾಗಿದ್ದ ಗಂಡಿನ ಮೂಗು ಕಂದಾಗತೊಡಗಿದರೆ ವೃಷಣದ ಗಡ್ಡೆಯನ್ನು ಶಂಕಿಸಬೇಕಾಗುತ್ತದೆ. ಗಡ್ಡೆ ಹೆಣ್ಣಿನ ಹಾರ್ಮೋನನ್ನು ಸುರಿಸುವುದರಿಂದ ಹೀಗಾಗುತ್ತದೆ.

ಎರಡನೆಯದು, ಕೆಲವೇ ಗಂಟೆಗಳಲ್ಲಿ ಎಲ್ಲವೂ ಒಟ್ಟಿಗೆ. ಸಾಂಕ್ರಾಮಿಕ ರೋಗ ಇಷ್ಟು ಬೇಗ ಎಲ್ಲರನ್ನೂ ಒಂದೇ ಸಲ ಕೆಡವುವುದು ಕಡಿಮೆ. ಮೊದಲು ಗಾಳಿಯನ್ನು ಶಂಕಿಸಿ. ಹಕ್ಕಿಯ ಉಸಿರಾಟ ನಮ್ಮದಕ್ಕಿಂತ ಬಹಳ ದಕ್ಷ. ಶ್ವಾಸಕೋಶದ ಹಿಂದೆ ಮುಂದೆ ಗಾಳಿಚೀಲಗಳಿದ್ದು, ಗಾಳಿ ಶ್ವಾಸಕೋಶದಲ್ಲಿ ಒಂದೇ ದಿಕ್ಕಿಗೆ ಹರಿಯುತ್ತದೆ. ಆಮ್ಲಜನಕವನ್ನು ಚೆನ್ನಾಗಿ ಹೀರುವ ಈ ವ್ಯವಸ್ಥೆ ವಿಷವನ್ನೂ ಅಷ್ಟೇ ಚೆನ್ನಾಗಿ ಹೀರುತ್ತದೆ. ಇದೇ ಕಾರಣಕ್ಕೆ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲದ ಮುನ್ಸೂಚನೆಗೆ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಅವುಗಳ ಬದಲು ಎಲೆಕ್ಟ್ರಾನಿಕ್ ಉಪಕರಣ ತರಲು ಅಲ್ಲಿನ ಸರ್ಕಾರ ತೀರ್ಮಾನಿಸಿದ್ದು 1986ರಲ್ಲಿ! ನಮ್ಮ ಮನೆಗಳಲ್ಲಿನ ಗಣಿ ಎಂದರೆ ಅಡುಗೆಮನೆ. ನಾನ್‌ಸ್ಟಿಕ್ ದೋಸೆ ಕಾವಲಿಯನ್ನು ಒಲೆಯ ಮೇಲೆ ಬರಿದೆ ಬಿಟ್ಟು ಮರೆತರೆ, ಸುಮಾರು 280 ಡಿಗ್ರಿ ದಾಟಿದ ಮೇಲೆ ಅದರ ಲೇಪ ಒಡೆದು ಹೊರಬರುವ ಆವಿಗೆ ಪಕ್ಕದ ಕೋಣೆಯ ಹಕ್ಕಿಗಳು ನಿಮಿಷಗಳಲ್ಲಿ ಸಾಯಬಹುದು. ನಮಗೆ ವಾಸನೆಯೂ ತಿಳಿಯದೆ ಇರಬಹುದು. ಸೊಳ್ಳೆ ಔಷಧದ ಸಿಂಪಡಣೆ, ಹೊಸ ಬಣ್ಣ, ಮುಚ್ಚಿದ ಕೋಣೆಯ ದಟ್ಟ ಧೂಪ ಇವೂ ಇದೇ ಪಟ್ಟಿಗೆ ಸೇರುತ್ತವೆ. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿನ ಸೆಕೆಯನ್ನೂ ಮರೆಯಬೇಡಿ. ಎಲ್ಲ ಹಕ್ಕಿಗಳೂ ಹಂಚಿಕೊಂಡು ತಿಂದದ್ದೇನು ಎಂದೂ ಕೇಳಿ. ಬೆಣ್ಣೆಹಣ್ಣು ನಮಗೆ ಒಳ್ಳೆಯದು, ಬಡ್ಜಿಗೆ ವಿಷ.

ಮೂರನೆಯದು, ಒಂದಾದ ಮೇಲೊಂದು. ಇಂದು ಒಂದು ಹಕ್ಕಿ, ಐದಾರು ದಿನ ಬಿಟ್ಟು ಇನ್ನೊಂದು, ಆಮೇಲೆ ಮತ್ತೆರಡು. ಇದು ಸೋಂಕಿನ ನಡಿಗೆ. ಆಗ ಕ್ಯಾಲೆಂಡರ್ ತೆಗೆದು, ಮೊದಲ ಹಕ್ಕಿ ಮಂಕಾದ ದಿನಕ್ಕಿಂತ ಹಿಂದಿನ ಒಂದೆರಡು ತಿಂಗಳಲ್ಲಿ ಹೊಸ ಹಕ್ಕಿ ಬಂದಿತ್ತೆ ಎಂದು ನೋಡಿ. ತಂದ ಹಕ್ಕಿ ಆರೋಗ್ಯವಾಗಿಯೇ ಕಾಣುತ್ತಿದ್ದು ಸೋಂಕನ್ನು ಮಾತ್ರ ಹೊತ್ತು ತಂದಿರಬಹುದು. ಆದ್ದರಿಂದಲೇ ಹೊಸ ಹಕ್ಕಿಯನ್ನು 30ರಿಂದ 45 ದಿನ ಬೇರೆ ಕೋಣೆಯಲ್ಲಿ, ಬೇರೆ ಬಟ್ಟಲುಗಳೊಂದಿಗೆ ಇಡಬೇಕು. ಮರಿಗಳು ಗೂಡು ಬಿಡುವ ವಯಸ್ಸಿನಲ್ಲಿ ರೆಕ್ಕೆ, ಬಾಲದ ಗರಿ ಉದುರಿ ಹಾರಲಾರದೆ ನೆಲದಲ್ಲಿ ಓಡಾಡುವುದು ವೈರಸ್‌ಗಳಿಂದ. ಕೊಕ್ಕಿನ ಮೂಲೆಯಲ್ಲಿ ಜೇನುಗೂಡಿನಂತೆ ತೂತು ತೂತಾದ ಹುರುಕು ಕಂಡರೆ ಅದು ಕಣ್ಣಿಗೆ ಕಾಣದ ನುಸಿ. ವೈದ್ಯರ ಔಷಧಕ್ಕೆ ಚೆನ್ನಾಗಿ ಬಗ್ಗುತ್ತದೆ.

ನಾಲ್ಕನೆಯದು, ಎಲ್ಲವೂ, ಆದರೆ ತಿಂಗಳುಗಟ್ಟಲೆ ನಿಧಾನವಾಗಿ. ಗರಿ ಕಳೆಗುಂದುತ್ತದೆ, ಮರಿಗಳು ನಿಲ್ಲುವುದಿಲ್ಲ, ಉಸಿರಿನ ಜೊತೆ ಕಿರ್ ಎಂಬ ಸದ್ದು ಬರುತ್ತದೆ. ಇಲ್ಲಿ ಮೊದಲು ಆಹಾರವನ್ನು ಶಂಕಿಸಿ. ಬರೀ ನವಣೆಯಲ್ಲಿ ‘ಎ’ ಜೀವಸತ್ವ, ಸುಣ್ಣ, ಅಯೋಡಿನ್ ಸಾಲವು. ಅಯೋಡಿನ್ ಕೊರತೆಯಾದರೆ ಮನುಷ್ಯರಿಗೆ ಗಳಗಂಡ ಬರುವಂತೆ ಬಡ್ಜಿಗೂ ಥೈರಾಯ್ಡ್ ಊದಿಕೊಂಡು ಉಸಿರಿನ ದಾರಿಯನ್ನು ಒತ್ತುತ್ತದೆ. ತೊಳೆದ ಕೊತ್ತಂಬರಿ, ಪಾಲಕ್, ನುಗ್ಗೆಸೊಪ್ಪು, ತುರಿದ ಕ್ಯಾರೆಟ್, ಪಂಜರಕ್ಕೆ ಕಟ್ಟುವ ಕಡಲ ನೊರೆ, ಅಯೋಡಿನ್ ಬೆರೆತ ಖನಿಜದ ಬಿಲ್ಲೆ ಇಷ್ಟಿದ್ದರೆ ಈ ಮಾದರಿಯ ಬಹುಪಾಲು ತೊಂದರೆಗಳು ಬರುವುದೇ ಇಲ್ಲ. ಇದೇ ಮಾದರಿಯಲ್ಲಿ ಅಡಗಿರುವ ಇನ್ನೊಬ್ಬ ಕಳ್ಳ ಕೆಂಪು ನುಸಿ. ಹಗಲೆಲ್ಲ ಗೂಡಿನ ಬಿರುಕಿನಲ್ಲಿದ್ದು ರಾತ್ರಿ ಹೊರಬಂದು ರಕ್ತ ಹೀರುತ್ತದೆ. ರಾತ್ರಿ ಪಂಜರದ ಮೇಲೆ ಬಿಳಿ ಬಟ್ಟೆ ಹೊದಿಸಿ, ಬೆಳಕು ಹರಿಯುವ ಮುನ್ನ ತೆಗೆದು ಮಡಿಕೆಗಳಲ್ಲಿ ಕೆಂಪು ಚುಕ್ಕೆಗಳು ಓಡಾಡುತ್ತವೆಯೇ ಎಂದು ನೋಡಿ.

ನೆನಪಿಡಿ, ಈ ಮಾದರಿಗಳು ದಿಕ್ಸೂಚಿಗಳೇ ಹೊರತು ತೀರ್ಪುಗಳಲ್ಲ. ಯಾವ ಕಡೆ ಹುಡುಕಬೇಕೆಂದು ಅವು ಹೇಳುತ್ತವೆ. ಕೊನೆಯ ಮಾತು ವೈದ್ಯರದು.

ಎಡ ಗೂಡು, ಬಲ ಗೂಡು

ಎಂಟನೆಯ ತರಗತಿಯ ವಿದ್ಯಾರ್ಥಿಯೊಬ್ಬನ ಮನೆಯ ಉದಾಹರಣೆ ಕೊಡುತ್ತೇನೆ. ಮಹಡಿಯ ಮೇಲೆ ಅಕ್ಕಪಕ್ಕದಲ್ಲಿ ಎರಡು ಗೂಡು. ಎಡಗಡೆ ಆರು ಹಕ್ಕಿ, ಬಲಗಡೆ ಐದು. ದೀಪಾವಳಿಯ ಹೊತ್ತಿಗೆ ಮೂರು ಹಕ್ಕಿಗಳು ಮಂಕಾದವು. ಹಸಿರು ನೀರಿನಂಥ ಹಿಕ್ಕೆ, ವಿಪರೀತ ಬಾಯಾರಿಕೆ, ಕಕ್ಕುವುದು. ಒಂದು ಸತ್ತೇಹೋಯಿತು. ಮನೆಯವರು ‘ಥಂಡಿ ಹಿಡಿದಿರಬೇಕು’ ಎಂದರು. ಹಕ್ಕಿ ಮಾರುವವರು ಕೊಟ್ಟ ಹಳದಿ ಪುಡಿಯನ್ನು ನೀರಿಗೆ ಬೆರೆಸಿದ್ದಾಯಿತು. ಏನೂ ಗುಣ ಕಾಣಲಿಲ್ಲ.

ಹುಡುಗ ನೋಟುಪುಸ್ತಕದಲ್ಲಿ ಒಂದು ಕೋಷ್ಟಕ ಎಳೆದ. ಮಂಕಾದ ಮೂರೂ ಬಲಗೂಡಿನವು. ಎರಡೂ ಗೂಡಿಗೆ ಒಂದೇ ಚೀಲದ ನವಣೆ, ಒಂದೇ ಕೊಡದ ನೀರು, ಒಂದೇ ಗಾಳಿ, ಒಂದೇ ಚಳಿ. ಆರು ತಿಂಗಳಿಂದ ಹೊಸ ಹಕ್ಕಿ ಬಂದಿಲ್ಲ. ಥಂಡಿಯೇ ಕಾರಣವಾಗಿದ್ದರೆ ಎಡಗೂಡಿಗೂ ತಗಲಬೇಕಿತ್ತು. ವಿಜ್ಞಾನದಲ್ಲಿ ಇದನ್ನು ಹೋಲಿಕೆಯ ಗುಂಪು ಎನ್ನುತ್ತೇವೆ. ಎಡಗೂಡಿನ ಆರು ಹಕ್ಕಿಗಳು ತಮಗೆ ಗೊತ್ತಿಲ್ಲದೆಯೇ ಆ ಕೆಲಸ ಮಾಡಿದ್ದವು. ಹಾಗಾದರೆ ಬಲಗೂಡಿನಲ್ಲಿ ಮಾತ್ರ ಇದ್ದದ್ದೇನು? ದಸರಾ ರಜೆಯಲ್ಲಿ ಹಳೆಯ ತುಕ್ಕು ಜಾಲರಿ ಕಿತ್ತು ಹಾಕಿದ ಫಳಫಳ ಹೊಳೆಯುವ ಹೊಸ ತಂತಿಜಾಲರಿ. ಹಾಗಿದ್ದರೆ ಬಲಗೂಡಿನ ಉಳಿದೆರಡು ಹಕ್ಕಿಗಳು ಆರಾಮಾಗಿದ್ದುದು ಹೇಗೆ? ಅದು ಮಡಕೆಯಲ್ಲಿ ಗೂಡು ಮಾಡಿದ್ದ ಜೋಡಿ. ಜಾಲರಿ ಹತ್ತಿ ಕಚ್ಚುತ್ತಾ ಆಡುವ ಪುರುಸೊತ್ತೇ ಅವಕ್ಕೆ ಇರಲಿಲ್ಲ. ಒಳ್ಳೆಯ ಊಹೆ ಅಪವಾದಗಳಿಗೂ ಉತ್ತರ ಕೊಡಬೇಕು; ಇದು ಕೊಟ್ಟಿತು.

ಪ್ರಯೋಗಾಲಯದಲ್ಲಿ ಸತುವಿನ ಚೂರಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಜಲಜನಕದ ಗುಳ್ಳೆಗಳೇಳುವುದನ್ನು ನೀವು ನೋಡಿದ್ದೀರಿ. ಗ್ಯಾಲ್ವನೈಸ್ ಮಾಡಿದ ತಂತಿಯ ಹೊಳಪು ಸತುವಿನದು. ಅಗ್ಗದ ಜಾಲರಿಯಲ್ಲಿ ಸತುವಿನ ಹನಿಗಳು, ಪುಡಿ ಅಂಟಿಕೊಂಡಿರುತ್ತವೆ. ಹಕ್ಕಿ ಅದನ್ನು ಕಚ್ಚಿ ನುಂಗಿದರೆ ಅದರ ಜಠರದಲ್ಲಿಯೂ ಅದೇ ಆಮ್ಲ ಕಾದಿರುತ್ತದೆ. ಕರಗಿದ ಸತು ರಕ್ತಕ್ಕೆ ಸೇರಿ ವಿಷವಾಗುತ್ತದೆ. ‘ಹೊಸ ತಂತಿ ಕಾಯಿಲೆ’ ಎಂದೇ ಹಕ್ಕಿ ಸಾಕುವವರು ಇದನ್ನು ಕರೆಯುತ್ತಾರೆ.

ನೋಟುಪುಸ್ತಕದೊಂದಿಗೆ ಹುಡುಗ, ಅವನ ತಂದೆ ಪಶುವೈದ್ಯರ ಬಳಿಗೆ ಹೋದರು. ಎಕ್ಸ್-ರೇಯಲ್ಲಿ ಜಠರದ ಜಾಗದಲ್ಲಿ ಲೋಹದ ಬಿಳಿ ಚುಕ್ಕೆಗಳು ಕಂಡವು. ಲೋಹವನ್ನು ಹಿಡಿದು ಮೂತ್ರದ ದಾರಿಯಲ್ಲಿ ಹೊರಹಾಕುವ ಚುಚ್ಚುಮದ್ದು ಶುರುವಾಯಿತು. ಎರಡರಲ್ಲಿ ಒಂದು ಹಕ್ಕಿ ಉಳಿಯಿತು. ಇನ್ನೊಂದು ನಾಲ್ಕನೆಯ ದಿನ ಸತ್ತಿತು. ಎರಡು ವಾರ ಮುಂಚೆ ಕೋಷ್ಟಕ ಬರೆದಿದ್ದರೆ ಎರಡೂ ಉಳಿಯುತ್ತಿದ್ದವೇನೋ. ಈಗ ಆ ಮನೆಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಇದೆ. ಅಷ್ಟು ಖರ್ಚು ಮಾಡಲಾರದವರು ಹೊಸ ಜಾಲರಿಯನ್ನು ಗಡಸು ಬ್ರಷ್‌ನಿಂದ ವಿನೆಗರ್ ಹಾಕಿ ಉಜ್ಜಿ ತೊಳೆದು, ಸತುವಿನ ಹನಿಗಳನ್ನು ಅರದಿಂದ ಉಜ್ಜಿ ತೆಗೆದು, ಕೆಲವು ವಾರ ಬಿಸಿಲು ಮಳೆಗೆ ಬಿಟ್ಟ ಮೇಲೆ ಬಳಸಬೇಕು. ಇದರಿಂದ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಹಳದಿ ಪುಡಿಯ ಮಾತು

ಆ ಹಳದಿ ಪುಡಿಗೆ ಮತ್ತೆ ಬರೋಣ. ಹಕ್ಕಿಗೆ ಏನೇ ಆದರೂ ಟೆಟ್ರಾಸೈಕ್ಲಿನ್‌ನಂಥ ಪ್ರತಿಜೈವಿಕವನ್ನು ನೀರಿಗೆ ಬೆರೆಸುವ ಅಭ್ಯಾಸ ಹಲವೆಡೆ ಇದೆ. ಸತುವಿನ ವಿಷಕ್ಕೆ, ಗಡ್ಡೆಗೆ, ನುಸಿಗೆ, ಅಯೋಡಿನ್ ಕೊರತೆಗೆ ಪ್ರತಿಜೈವಿಕ ಏನು ಮಾಡೀತು?

ಇನ್ನೂ ಸ್ವಾರಸ್ಯದ ಸಂಗತಿ ಕೇಳಿ. ಬಡ್ಜಿಗಳಲ್ಲಿ ಒಂದು ಕಾಯಿಲೆ ಇದೆ. ಹಕ್ಕಿ ದಿನವಿಡೀ ತಿನ್ನುತ್ತಲೇ ಇರುತ್ತದೆ, ಆದರೂ ಸೊರಗುತ್ತಾ ಹೋಗುತ್ತದೆ. ಹಿಕ್ಕೆಯಲ್ಲಿ ಇಡೀ ಕಾಳುಗಳು ಕಾಣುತ್ತವೆ. ಇವುಗಳ ಜಠರದಲ್ಲಿ ಸೂಕ್ಷ್ಮದರ್ಶಕದಡಿ ಉದ್ದುದ್ದ ಕಡ್ಡಿಯಂಥ ಜೀವಿಗಳನ್ನು ಕಂಡು ಬಹುಕಾಲ ‘ಮಹಾ ಬ್ಯಾಕ್ಟೀರಿಯ’ ಎಂದೇ ಕರೆಯುತ್ತಿದ್ದರು. ಅದು ಬ್ಯಾಕ್ಟೀರಿಯವೇ ಅಲ್ಲ, ಒಂದು ಬಗೆಯ ಶಿಲೀಂಧ್ರ ಎಂದು 2003ರಲ್ಲಿ ಖಚಿತವಾಗಿ, ಅದಕ್ಕೆ ಮ್ಯಾಕ್ರೊರಾಬ್ಡಸ್ ಎಂಬ ಹೊಸ ಹೆಸರು ಬಂತು. ಬ್ಯಾಕ್ಟೀರಿಯ ಕೊಲ್ಲುವ ಔಷಧ ಶಿಲೀಂಧ್ರವನ್ನು ಕೊಲ್ಲದು. ತಜ್ಞರೇ ಎಡವಿದ ಜಾಗದಲ್ಲಿ ನಾವು ಕಣ್ಣು ಮುಚ್ಚಿ ಔಷಧ ಹಾಕಬಹುದೆ? ಅಂದಾಜಿನ ಪ್ರತಿಜೈವಿಕದಿಂದ ಹಾನಿಗಳು ಮೂರು: ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ, ಪರೀಕ್ಷೆಯಲ್ಲಿ ಸಿಗಬೇಕಾದ ಸುಳಿವು ಅಳಿಸಿಹೋಗುತ್ತದೆ, ಹಕ್ಕಿಗಿದ್ದ ಸ್ವಲ್ಪ ಸಮಯವೂ ಪೋಲಾಗುತ್ತದೆ.

ವೈದ್ಯರ ಬಳಿಗೆ ಹೋಗುವವರೆಗೆ ನೀವು ಮಾಡಬಹುದಾದದ್ದು ಬೆಚ್ಚಗಿಡುವುದು. ಮಂಕಾದ ಹಕ್ಕಿಯನ್ನು ಪುಟ್ಟ ಪಂಜರದಲ್ಲಿ ಬೇರೆ ಮಾಡಿ, ಒಂದು ಪಕ್ಕದ ಹೊರಗೆ 40 ವಾಟಿನ ಹಳೆಯ ಬಗೆಯ ಬಲ್ಬು ಇಟ್ಟು, ಒಳಗೆ ಸುಮಾರು 30 ಡಿಗ್ರಿ ಇರುವಂತೆ ನೋಡಿಕೊಳ್ಳಿ. ಎಲ್‌ಇಡಿ ಬಲ್ಬು ಬೇಡ, ಅದರಿಂದ ಬೆಳಕಷ್ಟೇ ಸಿಗುತ್ತದೆ, ಸಾಕಷ್ಟು ಶಾಖ ಸಿಗುವುದಿಲ್ಲ. ಸೆಕೆಯಾದರೆ ಸರಿಯಲು ಇನ್ನೊಂದು ಪಕ್ಕ ತಂಪಾಗಿರಲಿ. ಕಾಳು, ನೀರು ಕೊಕ್ಕಿಗೆ ಎಟುಕುವಷ್ಟು ಹತ್ತಿರವಿರಲಿ.

ಸತ್ತ ಹಕ್ಕಿಯೂ ಸಾಕ್ಷಿ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೂ ಜ್ವರ ಬಂತು. ಮಂಗಗಳ ಸಾವನ್ನು ನೋಡಿ ಮೊದಲು ಹಳದಿ ಜ್ವರವೇ ಬಂತೇನೋ ಎಂದು ಶಂಕಿಸಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸತ್ತ ಮಂಗಗಳನ್ನು, ರೋಗಿಗಳ ರಕ್ತವನ್ನು, ಕಾಡಿನ ಉಣ್ಣೆಗಳನ್ನು ಪರೀಕ್ಷಿಸಿ, ಅದುವರೆಗೆ ಜಗತ್ತಿಗೇ ಗೊತ್ತಿರದ ವೈರಸ್ ಒಂದನ್ನು ಪತ್ತೆ ಮಾಡಿದರು. ಅದೇ ಮಂಗನ ಕಾಯಿಲೆ. ಸತ್ತ ಪ್ರಾಣಿಯನ್ನು ‘ಸತ್ತಿತು, ಬಿಡಿ’ ಎಂದು ಬಿಟ್ಟಿದ್ದರೆ ಉಣ್ಣೆಯ ಕಡೆಗೆ ಯಾರ ದೃಷ್ಟಿ ಹೋಗುತ್ತಿತ್ತು?

ನಿಮ್ಮ ಗೂಡಿನಲ್ಲಿ ಒಂದರ ಹಿಂದೊಂದು ಹಕ್ಕಿ ಸತ್ತರೂ ಅಷ್ಟೆ. ಕೈಗವಸು ಹಾಕಿ, ಸತ್ತ ಹಕ್ಕಿಯನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿಟ್ಟು, ಒಂದು ದಿನದೊಳಗೆ ಮರಣೋತ್ತರ ಪರೀಕ್ಷೆಗೆ ಒಯ್ಯಬೇಕು. ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿದರೆ ಒಳಗಿನ ಅಂಗಾಂಶಗಳು ಹಾಳಾಗುತ್ತವೆ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಕೇಳಿದರೆ ಯಾರಿಗೆ ಕೊಡಬೇಕೆಂದು ಹೇಳುತ್ತಾರೆ. ಸುತ್ತಮುತ್ತ ಕಾಗೆ, ಕೋಳಿಗಳೂ ಸಾಯುತ್ತಿದ್ದರೆ ಮಾತ್ರ ಯಾವುದನ್ನೂ ಮುಟ್ಟದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ.

ಕಾರಣ ಹುಡುಕುವುದು ಹಕ್ಕಿಗಾಗಿ ಮಾತ್ರವಲ್ಲ, ಮನೆಯವರಿಗಾಗಿಯೂ ಹೌದು. ಗಿಳಿ ಜಾತಿಯ ಹಕ್ಕಿಗಳಿಂದ ಮನುಷ್ಯರಿಗೆ ಹರಡುವ ಸಿಟಕೋಸಿಸ್ ಎಂಬ ಸೋಂಕಿದೆ. 1929–30ರಲ್ಲಿ ದಕ್ಷಿಣ ಅಮೆರಿಕದಿಂದ ಮಾರಾಟಕ್ಕೆ ಬಂದ ಗಿಳಿಗಳ ಮೂಲಕ ಅದು ಅಮೆರಿಕ, ಯೂರೋಪುಗಳ ಹಲವು ದೇಶಗಳಿಗೆ ಹಬ್ಬಿ ನೂರಾರು ಜನ ಮಲಗಿದ್ದರು. ಒಣಗಿದ ಹಿಕ್ಕೆಯ ದೂಳಿನಲ್ಲಿ ರೋಗಾಣು ಇರುತ್ತದೆ. ಆದ್ದರಿಂದ ಪಂಜರವನ್ನು ಒಣಗಿದ್ದಾಗ ಗುಡಿಸಬೇಡಿ. ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರೆಸಿ, ಕೈ ಸೋಪಿನಲ್ಲಿ ತೊಳೆಯಿರಿ. ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರ, ತಲೆನೋವು, ಒಣಕೆಮ್ಮು ಬಂದರೆ ‘ನಮ್ಮಲ್ಲಿ ಹಕ್ಕಿಗಳಿವೆ’ ಎಂದು ವೈದ್ಯರಿಗೆ ಹೇಳಿ. ಇದು ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಆದರೆ ವೈದ್ಯರಿಗೆ ಅದರ ಅನುಮಾನ ಬರಬೇಕಲ್ಲ!

ತಂದೆ ತಾಯಂದಿರಲ್ಲಿ ಒಂದು ಮಾತು

ಮಗು ಶಾಲೆಯಿಂದ ಬರುವಷ್ಟರಲ್ಲಿ ಸತ್ತ ಹಕ್ಕಿಯನ್ನು ಎಸೆದು, ಅದೇ ಬಣ್ಣದ ಇನ್ನೊಂದನ್ನು ತಂದು ಪಂಜರದಲ್ಲಿ ಬಿಡುವ ಮನೆಗಳನ್ನು ಬಲ್ಲೆ. ಉದ್ದೇಶ ಒಳ್ಳೆಯದೇ, ಮಗು ಅಳದಿರಲಿ ಎಂದು. ಆದರೆ ಹಳೆಯ ಹಕ್ಕಿಯನ್ನು ಕೊಂದ ಕಾರಣ ಪಂಜರದಲ್ಲೇ ಇದ್ದರೆ ಹೊಸದಕ್ಕೂ ಅದೇ ಗತಿ. ಮಕ್ಕಳ ಕಣ್ಣು ನಾವು ಎಣಿಸಿದ್ದಕ್ಕಿಂತ ಚುರುಕು. ರೆಕ್ಕೆಯ ಗೆರೆ ಬೇರೆಯೆಂದು ಅವಕ್ಕೆ ಗೊತ್ತಾಗುತ್ತದೆ. ಬಡ್ಜಿ ಅಗ್ಗದ ಹಕ್ಕಿ, ವೈದ್ಯರ ಶುಲ್ಕ ಅದರ ಬೆಲೆಗಿಂತ ಹೆಚ್ಚು ಎಂಬುದೂ ನಿಜವೇ. ಆದರೆ ‘ಏಕೆ ಸತ್ತಿತು?’ ಎಂದು ಮಗು ಕೇಳುವ ಪ್ರಶ್ನೆಗೆ ಪೇಟೆಯಲ್ಲಿ ಉತ್ತರ ಸಿಗುವುದಿಲ್ಲ. ಅದನ್ನು ಮಗುವಿನ ಜೊತೆ ಕುಳಿತು ಹುಡುಕಬೇಕು. ಉತ್ತರ ಸಿಕ್ಕರೆ ಉಳಿದ ಹಕ್ಕಿಗಳು ಬದುಕುತ್ತವೆ. ಸಿಗದಿದ್ದರೂ, ಸಾವಿಗೆ ಒಂದು ಕಾರಣವಿರುತ್ತದೆ, ಅದನ್ನು ಹುಡುಕಬಹುದು ಎಂಬ ನಂಬಿಕೆ ಮಗುವಿನಲ್ಲಿ ಉಳಿಯುತ್ತದೆ. ವಿಜ್ಞಾನದ ಪಾಠದಿಂದ ನಾನು ಬಯಸುವುದೂ ಅದನ್ನೇ.

ಈ ವಾರದ ಕೆಲಸ

ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಅಂಕಣಗಳು ಇಷ್ಟು: ದಿನಾಂಕ, ಹಕ್ಕಿಯ ಗುರುತು, ತೂಕ, ಹಿಕ್ಕೆಯ ಬಣ್ಣ, ತಿಂದ ಕಾಳು, ನಡವಳಿಕೆ. ಕೊನೆಯಲ್ಲಿ ಅಗಲವಾದ ಒಂದು ಅಂಕಣಕ್ಕೆ ‘ಇಂದು ಏನು ಬದಲಾಯಿತು?’ ಎಂದು ಹೆಸರಿಡಿ. ಹೊಸ ಚೀಲದ ನವಣೆ, ಹೊಸ ಹಕ್ಕಿ, ಹೊಸ ಜಾಲರಿ, ಗೋಡೆಗೆ ಬಣ್ಣ, ಪಂಜರದ ಜಾಗ, ಹಿಂದಿನ ರಾತ್ರಿಯ ಮಳೆ ಯಾವುದನ್ನೂ ಬಿಡಬೇಡಿ. ಹಕ್ಕಿಗಳು ಆರೋಗ್ಯವಾಗಿರುವಾಗಲೇ ಬರೆಯಲು ಶುರು ಮಾಡಿ, ಏಕೆಂದರೆ ಸರಿಯಿದ್ದದ್ದು ಹೇಗಿತ್ತೆಂದು ತಿಳಿದರೆ ಮಾತ್ರ ಕೆಟ್ಟದ್ದು ಕಾಣುತ್ತದೆ. ತೊಂದರೆ ಬಂದಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗದು. ವಿಷದ ಅನುಮಾನವಿದ್ದರೆ ಮಾತ್ರ ಈ ನಿಯಮ ಬೇಡ, ಹಕ್ಕಿಗಳನ್ನು ಮೊದಲು ಅಲ್ಲಿಂದ ಸರಿಸಿ.

ಮನೆಯಲ್ಲಿ ಹಕ್ಕಿ ಇಲ್ಲದವರು ಕೋಳಿ, ಮೀನಿನ ತೊಟ್ಟಿ, ಕೊನೆಗೆ ಅಂಗಳದ ಗುಲಾಬಿ ಗಿಡದ ಮೇಲೂ ಈ ಪುಸ್ತಕ ಇಡಬಹುದು. ಒಂದು ತಿಂಗಳು ಬರೆಯಿರಿ. ಆಮೇಲೆ ಆ ಕೊನೆಯ ಅಂಕಣವನ್ನೊಮ್ಮೆ ಮೇಲಿನಿಂದ ಕೆಳಗೆ ಓದಿ ನೋಡಿ.